ಕುಡ್ಲಕ್ಕೊಂದು ಬಾವುಟ



ಈ ದತ್ತಿ ಉಪನ್ಯಾಸದಲ್ಲಿ ಊರಿಗೆ ಸಂಬಂಧಪಟ್ಟ ವಿಷಯವನ್ನೇ ಮಾತಾಡಬೇಕು, ಅದು ಊರಿಗೆ ಏನಾದರೂ ಪ್ರಯೋಜನಕ್ಕೆ ಬರುವಂತಿರಬೇಕು ಎಂದು ನನಗೆ ಹೇಳಲಾಗಿತ್ತು. ನಾನು ಆರಿಸಿಕೊಂಡ ವಿಷಯ ಕೆಲವರಿಗೆ ಚಿಕ್ಕದೆನಿಸಬಹುದು. ಮಂಗಳೂರು ನಗರಕ್ಕೆ ತನ್ನದೆನ್ನುವ ಬಾವುಟವಿಲ್ಲ. ಇರಬೇಕು ಎನ್ನುವುದು ನನ್ನ ವಾದ. ಅದು ಹೇಗಿರಬೇಕು, ಯಾರು ಅದನ್ನು ಆರಿಸಬೇಕು, ಯಾವುದು ಅದರಲ್ಲಿ ಇರಬಾರದು ಎಂಬುದನ್ನು ನಿಮ್ಮ ಮುಂದೆ ಬಿಚ್ಚಿಡುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಸ್ವಂತ ಬಾವುಟವಿಲ್ಲದ ಈ ನಗರದ ನಡುವೆಯೇ ಬಾವುಟಗುಡ್ಡೆ ಇದೆ. ದಿನವೂ ಸಾವಿರಾರು ಮಂದಿ ಆ ಏರಿನಲ್ಲಿ ಹತ್ತಿ ಇಳಿಯುತ್ತಾರೆ. ಸಂತ ಅಲೋಶಿಯಸ್ ಕಾಲೇಜಿಗೆ ಹೋಗುವ ಮಕ್ಕಳು, ಟಾಗೋರ್ ಪಾರ್ಕಿನಲ್ಲಿ ಸಂಜೆ ಕೂರುವ ಹಿರಿಯರು, ಹಂಪನಕಟ್ಟೆಗೆ ಇಳಿಯುವ ಬಸ್ಸುಗಳು. ಆ ಗುಡ್ಡದ ಮೇಲೆ 1837ರ ಏಪ್ರಿಲ್‌ನಲ್ಲಿ ನಡೆದದ್ದನ್ನು ಮೊದಲು ನೆನಪಿಸಿಕೊಳ್ಳೋಣ.

1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿತು. ಅವನ ಹಾಲೇರಿ ಮನೆತನದ ಕೈಯಲ್ಲಿದ್ದ ಅಮರಸುಳ್ಯದ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆದ ಬೆಳೆಯಲ್ಲೇ ಕಂದಾಯ ಸಲ್ಲಿಸುತ್ತಿದ್ದ ರೈತರು ಇನ್ನು ಮುಂದೆ ನಗದು ಕೊಡಬೇಕಾಯಿತು. ಘಟ್ಟದ ಬುಡದ ಹಳ್ಳಿಗಳಲ್ಲಿ ನಗದು ಎಲ್ಲಿಂದ ಬರಬೇಕು? ಸಾಹುಕಾರರ ಕೈಗೆ ಸಿಕ್ಕಿದ ರೈತ ಮೂರೇ ವರ್ಷದಲ್ಲಿ ಎದ್ದು ನಿಂತ. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳಾದರು. ಪುಟ್ಟಬಸಪ್ಪ ಎಂಬವನನ್ನು ಕಲ್ಯಾಣಸ್ವಾಮಿ ಎಂಬ ರಾಜವಂಶದ ಹೆಸರಿನಲ್ಲಿ ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ಅಲ್ಲಿಂದ ಪುತ್ತೂರು, ಪಾಣೆಮಂಗಳೂರು, ಬಂಟ್ವಾಳದ ದಾರಿಯಾಗಿ ಬರುತ್ತ ಬರುತ್ತ ದಂಡು ದೊಡ್ಡದಾಯಿತು. ನಂದಾವರದ ಲಕ್ಷ್ಮಪ್ಪ ಬಂಗರಸ ಜತೆಗೂಡಿದ. ಏಪ್ರಿಲ್ 5ರಂದು ಅವರು ಮಂಗಳೂರಿನ ಈ ಗುಡ್ಡದ ಮೇಲೆ ಕಂಪೆನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಕಂಪೆನಿಯ ಪಡೆಗಳು ಬಂದು ದಂಗೆಯನ್ನು ಹತ್ತಿಕ್ಕಿದ ಮೇಲೆ ಕಲ್ಯಾಣಸ್ವಾಮಿ, ಬಂಗರಸ ಮತ್ತು ಅವರ ಸಂಗಡಿಗರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. 1857ರ ದಂಗೆಗೆ ಇನ್ನೂ ಇಪ್ಪತ್ತು ವರ್ಷ ಇತ್ತು.

2022ರ ನವೆಂಬರ್‌ನಲ್ಲಿ ಅದೇ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ತಡವಾಗಿಯಾದರೂ ಆದ ಒಳ್ಳೆಯ ಕೆಲಸ ಅದು. ಆದರೆ ಪ್ರತಿಮೆ ಒಬ್ಬರ ನೆನಪು. ಆ ಗುಡ್ಡ ನೆನಪಿಸುವುದು ಒಬ್ಬರನ್ನಲ್ಲ, ಒಟ್ಟಾಗಿ ನಡೆದು ಬಂದ ಜನರನ್ನು.

ಮಂಗಳೂರಿನ ಮೇಲೆ ಹಾರಿದ ಬಾವುಟಗಳಿಗೆ ಬರವಿಲ್ಲ. ಆಳುಪರು ಆಳಿದರು, ವಿಜಯನಗರದ ಪ್ರತಿನಿಧಿಗಳು ಮಂಗಳೂರು ರಾಜ್ಯವೆಂದೇ ಕರೆದು ಆಳಿದರು. ಪೋರ್ಚುಗೀಸರು 1568ರಲ್ಲಿ ಇಲ್ಲಿ ಕೋಟೆ ಕಟ್ಟಿದರು; ಉಳ್ಳಾಲದ ರಾಣಿ ಅಬ್ಬಕ್ಕ ಅವರನ್ನು ಎದುರಿಸಿ ನಿಂತಳು. ಕೆಳದಿಯ ನಾಯಕರು ಬಂದರು. 1763ರಲ್ಲಿ ಹೈದರಾಲಿ ಬಂದ. 1768ರಲ್ಲಿ ಇಂಗ್ಲಿಷರು ಹಿಡಿದರು, ಕಳೆದುಕೊಂಡರು, 1783ರಲ್ಲಿ ಮತ್ತೆ ಹಿಡಿದರು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೋಟೆಯನ್ನು ಮರಳಿ ಪಡೆದ. 1784ರ ಮಾರ್ಚ್ 11ರ ಒಪ್ಪಂದಕ್ಕೆ ಈ ಊರಿನದೇ ಹೆಸರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪೆನಿ ಇಲ್ಲಿ ನೆಲೆಯೂರಿತು. ಇಷ್ಟು ಬಾವುಟಗಳಲ್ಲಿ ಬಹುಪಾಲು ಊರನ್ನು ಗೆದ್ದವರು ನೆಟ್ಟವು. ಊರಿನ ಜನ ಕೂತು ಮಾತಾಡಿ ತಮಗೆಂದು ಮಾಡಿಕೊಂಡ ಬಾವುಟ ಒಂದೂ ಇಲ್ಲ. ನನ್ನ ಇವತ್ತಿನ ಮಾತಿನ ಬೇರು ಇದು.

ಹಾಗೆಂದು ಬಾವುಟದ ಅರ್ಥ ನಮಗೆ ತಿಳಿಯದ್ದೇನಲ್ಲ. ತುಳುನಾಡಿನವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಮಕರ ಸಂಕ್ರಾಂತಿಯ ಹೊತ್ತಿಗೆ ಕದ್ರಿ ದೇವಸ್ಥಾನದಲ್ಲಿ ಕೊಡಿ, ಅಂದರೆ ಧ್ವಜ, ಏರಿತು ಎಂದರೆ ಜಾತ್ರೆ ಶುರುವಾಯಿತು. ಕೊಡಿ ಏರಿದ ಮೇಲೆ ಸೀಮೆಯ ಜನ ರಾತ್ರಿ ಬೇರೆ ಊರಿನಲ್ಲಿ ತಂಗಬಾರದು, ಮದುವೆ ಮುಂಜಿ ಇಟ್ಟುಕೊಳ್ಳಬಾರದು ಎಂಬ ಕಟ್ಟುಪಾಡನ್ನು ಎಷ್ಟೋ ಗ್ರಾಮಗಳಲ್ಲಿ ಇವತ್ತಿಗೂ ಪಾಲಿಸುತ್ತಾರೆ. ಕೊಡಿ ಇಳಿಯುವ ತನಕ ನೀನು ಊರಿಗೆ ಸೇರಿದವ, ಊರಿನಲ್ಲಿ ಇರು ಎಂದು ಅದರ ತಾತ್ಪರ್ಯ. ಬಿಕರ್ನಕಟ್ಟೆಯ ಬಾಲಯೇಸು ಕ್ಷೇತ್ರದ ವಾರ್ಷಿಕ ಹಬ್ಬಕ್ಕೂ ಮೊದಲು ಧ್ವಜ ಏರಬೇಕು. ಉಳ್ಳಾಲದ ಉರೂಸಿಗೂ ಧ್ವಜಾರೋಹಣ ಇದೆ. ಈ ಕರಾವಳಿಯ ಎಲ್ಲ ಜನರಿಗೂ ಧ್ವಜವೆಂದರೆ ಒಂದು ಕರೆ, ಒಂದು ಹೊಣೆ. ಮೈಮೇಲೆ ಬಿಲ್ಲೆ ಅಂಟಿಸಿಕೊಂಡು ಮೆರೆಯುವ ಹೆಮ್ಮೆಗಿಂತ ಇದು ಆಳವಾದದ್ದು. ಊರಿನ ಹೆಮ್ಮೆ ಎಂಬ ಮಾತನ್ನು ನಾನು ಈ ಅರ್ಥದಲ್ಲಿ ಬಳಸುತ್ತೇನೆ: ಊರಿಗೆ ಕಟ್ಟುಬಿದ್ದಿರುವುದು.

ಈಗ ನಮ್ಮ ರಸ್ತೆಗಳನ್ನು ನೋಡಿ. ಹಬ್ಬಕ್ಕೊಂದು ಬಣ್ಣದ ಬಂಟಿಂಗ್ಸ್, ಪಕ್ಷಕ್ಕೊಂದು ಬಣ್ಣದ ಬ್ಯಾನರ್. ಒಂದು ಸರ್ಕಲ್‌ನಲ್ಲಿ ಯಾರ ಬಾವುಟ ಮೊದಲು ಕಟ್ಟಿದ್ದು, ಯಾರದನ್ನು ಯಾರು ತೆಗೆದರು ಎಂಬುದು ಜಗಳಕ್ಕೆ, ಪೊಲೀಸ್ ದೂರಿಗೆ, ಕೆಲವೊಮ್ಮೆ ರಕ್ತಪಾತಕ್ಕೂ ದಾರಿಯಾದ ಜಿಲ್ಲೆ ನಮ್ಮದು. ಇದನ್ನು ಮುಚ್ಚಿಟ್ಟು ನಗರದ ಬಾವುಟದ ಬಗ್ಗೆ ಚಂದದ ಮಾತಾಡಿದರೆ ಅದು ಸುಳ್ಳಾಗುತ್ತದೆ. ಒಂದು ಗುಂಪಿನ ಬಾವುಟ ಕಂಡಾಗ ಇನ್ನೊಂದು ಗುಂಪಿನ ಎದೆ ಹೊಡೆದುಕೊಳ್ಳುವ ಊರಿನಲ್ಲಿ, ಯಾರ ಎದೆಯೂ ಹೊಡೆದುಕೊಳ್ಳದ ಒಂದು ಬಾವುಟ ಬೇಕು. ಬಾವುಟವೊಂದರಿಂದ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ಎಲ್ಲರೂ ಕೂಡಿ ಕಟ್ಟಬಹುದಾದದ್ದು ಒಂದಾದರೂ ಕೈಯಲ್ಲಿರಲಿ ಎಂಬುದು ನನ್ನ ಆಸೆ.

ಕರ್ನಾಟಕ ಈ ವಿಷಯದಲ್ಲಿ ನಡೆದು ಬಂದ ದಾರಿಯಿಂದ ನಾವು ಕಲಿಯುವುದಿದೆ. ಅರಿಶಿನ ಕುಂಕುಮದ ಕನ್ನಡ ಬಾವುಟವನ್ನು 1960ರ ದಶಕದಲ್ಲಿ ರೂಪಿಸಿದವರು ಕನ್ನಡ ಹೋರಾಟಗಾರ ಮ. ರಾಮಮೂರ್ತಿ. ಬೆಂಗಳೂರಿನಲ್ಲಿ ಕನ್ನಡಕ್ಕೆ ಎಡೆಯಿಲ್ಲದ ಕಾಲ ಅದು. ಮೊದಲ ರೂಪದಲ್ಲಿ ನಡುವೆ ಕರ್ನಾಟಕದ ಭೂಪಟ, ಭತ್ತದ ತೆನೆ ಇದ್ದವು. ಕ್ರಮೇಣ ಅವು ಬಿಟ್ಟುಹೋಗಿ ಎರಡು ಬಣ್ಣ ಮಾತ್ರ ಉಳಿದವು. 1967ರಲ್ಲಿ ರಾಮಮೂರ್ತಿಯವರು ತಮ್ಮ ಇಬ್ಬರು ಮಕ್ಕಳೊಂದಿಗೆ ಬಾವಿ ಕುಸಿದು ತೀರಿಕೊಂಡರು. ಅವರು ಬಿಟ್ಟುಹೋದ ಬಾವುಟಕ್ಕೆ ಸರ್ಕಾರದ ಮುದ್ರೆ ಇರಲಿಲ್ಲ, ಒಡೆತನದ ಕಾಗದ ಇರಲಿಲ್ಲ. ಆಟೊ ಚಾಲಕರು ಅದನ್ನು ಕಟ್ಟಿಕೊಂಡರು, ಹಳ್ಳಿಯ ಯುವಕ ಸಂಘಗಳು ಕಟ್ಟಿಕೊಂಡವು, ಕಡಲಾಚೆಯ ಕನ್ನಡ ಕೂಟಗಳು ಕಟ್ಟಿಕೊಂಡವು. ಯಾವ ಊರಿನ ದರ್ಜಿಯಾದರೂ ಎರಡು ತುಂಡು ಬಟ್ಟೆ ಜೋಡಿಸಿ ಅರ್ಧ ಗಂಟೆಯಲ್ಲಿ ಹೊಲಿದು ಕೊಡಬಲ್ಲ.

ಸರ್ಕಾರ ಕೈಹಾಕಿದಾಗ ಏನಾಯಿತು? 2012ರಲ್ಲಿ, ನಮ್ಮದೇ ಸುಳ್ಯದ ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾಗಿದ್ದಾಗ, ನವೆಂಬರ್ 1ರಂದು ಸರ್ಕಾರಿ ಕಚೇರಿ, ಶಾಲೆ ಕಾಲೇಜುಗಳಲ್ಲಿ ಈ ಬಾವುಟ ಹಾರಿಸಬೇಕೆಂದು ಬಜೆಟ್‌ನಲ್ಲಿ ಸಾರಿದರು. ವಿಷಯ ಹೈಕೋರ್ಟಿನ ಮೆಟ್ಟಿಲೇರಿ ಸರ್ಕಾರ ಹಿಂದೆ ಸರಿಯಿತು. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಒಂಬತ್ತು ಜನರ ಸಮಿತಿ ಮಾಡಿತು. 2018ರ ಮಾರ್ಚ್ 8ರಂದು ಹಳದಿ, ಬಿಳಿ, ಕೆಂಪು ಪಟ್ಟಿಗಳ ನಡುವೆ ಗಂಡಭೇರುಂಡದ ರಾಜ್ಯಲಾಂಛನವಿರುವ ನಾಡಧ್ವಜ ಹೊರಬಂತು. ಒಪ್ಪಿಗೆಗೆ ಕೇಂದ್ರಕ್ಕೆ ಹೋಯಿತು. ಅದು ಕಡತದಲ್ಲೇ ಉಳಿಯಿತು. ಬೀದಿಯಲ್ಲಿ ಇವತ್ತಿಗೂ ಹಾರುವುದು ರಾಮಮೂರ್ತಿಯವರ ಎರಡು ಬಣ್ಣ. ಸಮಿತಿಯ ವಿನ್ಯಾಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಜನ ಬಳಸಿ ಬಳಸಿ ತಮ್ಮದಾಗಿಸಿಕೊಂಡ ಬಾವುಟವನ್ನು ತಿದ್ದುವುದು ಕಷ್ಟ ಎನ್ನುತ್ತಿದ್ದೇನೆ. ಮಂಗಳೂರಿಗೆ ಆ ಕಷ್ಟ ಇಲ್ಲ. ನಮ್ಮ ಮುಂದೆ ಖಾಲಿ ಬಟ್ಟೆ ಇದೆ.

ಬೆಂಗಳೂರು 2017ರ ಡಿಸೆಂಬರ್‌ನಲ್ಲಿ ತನಗೊಂದು ಲೋಗೊ ಮಾಡಿಕೊಂಡಿತು. ದೇಶದಲ್ಲಿ ಇಂಥದ್ದು ಮೊದಲನೆಯದೆಂದು ಸುದ್ದಿಯಾಯಿತು. ಅದು ಪ್ರವಾಸೋದ್ಯಮ ಇಲಾಖೆಯ ಕೆಲಸ. ಬರುವ ಪ್ರವಾಸಿಗರ ಕಣ್ಣಿಗೆಂದು ಮಾಡಿದ್ದು. ಊರಿನ ಬಾವುಟ ಹೊರಗಿನವರಿಗೆ ತೋರಿಸಲಿಕ್ಕಲ್ಲ, ಒಳಗಿನವರು ಹಿಡಿಯಲಿಕ್ಕೆ. ಈ ಎರಡನ್ನು ಬೆರೆಸಿದರೆ ಬಾವುಟ ಹೋಗಿ ಜಾಹೀರಾತು ಉಳಿಯುತ್ತದೆ.

ಜಗತ್ತಿನ ಕಡೆಗೊಮ್ಮೆ ಕಣ್ಣು ಹಾಯಿಸೋಣ. ಜಪಾನಿನಲ್ಲಿ ನಗರಗಳಷ್ಟೇ ಅಲ್ಲ, ಸಣ್ಣ ಸಣ್ಣ ಊರುಗಳಿಗೂ ಅವುಗಳದೇ ಚಿಹ್ನೆ, ಅವುಗಳದೇ ಬಾವುಟ ಇದೆ. ಅಮೆರಿಕದ ಷಿಕಾಗೊ ನಗರ 1917ರಲ್ಲಿ ಆರಿಸಿಕೊಂಡ ಬಾವುಟದಲ್ಲಿ ಅಲ್ಲಿನ ಸರೋವರ, ನದಿಗಳಿಗೆಂದು ಎರಡು ನೀಲಿ ಪಟ್ಟಿ, ನಡುವೆ ಕೆಂಪು ನಕ್ಷತ್ರ. ಮೊದಲು ಎರಡೇ ನಕ್ಷತ್ರ ಇದ್ದವು, 1930ರ ದಶಕದಲ್ಲಿ ಇನ್ನೆರಡು ಸೇರಿದವು. ಈ ನಾಲ್ಕರಲ್ಲಿ ಒಂದು 1871ರಲ್ಲಿ ಊರನ್ನೇ ಸುಟ್ಟ ಬೆಂಕಿಯ ನೆನಪಿಗೆ. ತನ್ನ ದುರಂತವನ್ನೂ ಬಾವುಟದ ಮೇಲೆ ಇಟ್ಟುಕೊಂಡ ಊರು ಅದು. ಅಲ್ಲಿನವರು ಆ ಬಾವುಟವನ್ನು ಅಂಗಿಯ ಮೇಲೆ, ಅಂಗಡಿಯ ಬಾಗಿಲ ಮೇಲೆ ಹಾಕಿಕೊಳ್ಳುತ್ತಾರೆ.

ಇದಕ್ಕೆ ತದ್ವಿರುದ್ಧದ ಉದಾಹರಣೆಯೂ ಅಲ್ಲಿಯೇ ಇದೆ. 2004ರಲ್ಲಿ ಉತ್ತರ ಅಮೆರಿಕದ ಧ್ವಜತಜ್ಞರ ಸಂಘ 150 ನಗರಗಳ ಬಾವುಟಗಳಿಗೆ ಅಂಕ ಕೊಡಿಸಿದಾಗ ಇಡಾಹೊ ರಾಜ್ಯದ ಪೊಕಾಟೆಲೊ ಕೊನೆಯ ಸ್ಥಾನಕ್ಕೆ ಬಿತ್ತು. ಅದರ ಬಾವುಟದ ಮೇಲೆ ತಮ್ಮ ಊರಿನ ಬಗ್ಗೆ ತಮಗೆ ಹೆಮ್ಮೆಯಿದೆ ಎಂಬ ಘೋಷಣೆಯೇ ಬರೆದಿತ್ತು, ಅಡಿಯಲ್ಲಿ ಹಕ್ಕುಸ್ವಾಮ್ಯದ ಸಾಲೂ ಇತ್ತು. ಹೆಮ್ಮೆಯನ್ನು ಅಕ್ಷರದಲ್ಲಿ ಬರೆದುಬಿಟ್ಟರೆ ಅದು ಎದೆಗೆ ಇಳಿಯುವುದಿಲ್ಲ ಎಂಬುದು ಆ ಊರಿನವರಿಗೇ ಅರ್ಥವಾಯಿತು. ಅವರು ನಾಚಿಕೊಂಡು ಕೂರಲಿಲ್ಲ. ಊರಿನವರನ್ನೇ ಕರೆದು, ಜನರಿಂದ ವಿನ್ಯಾಸ ತರಿಸಿಕೊಂಡು, 2017ರಲ್ಲಿ ಹೊಸ ಬಾವುಟ ಏರಿಸಿದರು.

ಆದ್ದರಿಂದ ನನ್ನ ಮೊದಲ ಬೇಡಿಕೆ: ಮಂಗಳೂರಿನ ಬಾವುಟದಲ್ಲಿ ಅಕ್ಷರ ಬೇಡ. ತುಳುವರು ಕುಡ್ಲ ಎನ್ನುತ್ತಾರೆ, ಕೊಂಕಣಿಗರು ಕೊಡಿಯಾಲ್ ಎನ್ನುತ್ತಾರೆ, ಬ್ಯಾರಿಗಳು ಮೈಕಾಲ ಎನ್ನುತ್ತಾರೆ, 2014ರ ನವೆಂಬರ್ 1ರಿಂದ ಸರ್ಕಾರದ ಕಾಗದದಲ್ಲೂ ಮಂಗಳೂರು. ಯಾವ ಹೆಸರು, ಯಾವ ಲಿಪಿ ಎಂದು ಆರಿಸಲು ಕುಳಿತರೆ ಬಾವುಟ ಹುಟ್ಟುವ ಮುಂಚೆಯೇ ಹರಿದುಹೋಗುತ್ತದೆ.

ಎರಡನೆಯದು, ಯಾವ ದೇವರ, ಯಾವ ಪಂಥದ, ಯಾವ ಜಾತಿಯ ಗುರುತೂ ಅದರಲ್ಲಿ ಇರಬಾರದು. ಮಂಗಳಾದೇವಿ, ಕದ್ರಿ, ಮಿಲಾಗ್ರಿಸ್, ಬಂದರಿನ ಮಸೀದಿ ಎಲ್ಲವನ್ನೂ ಒಂದೊಂದು ಮೂಲೆಯಲ್ಲಿ ಬರೆದು ಸಮಾಧಾನ ಮಾಡುವ ಯೋಚನೆಯೂ ನನಗೆ ಒಪ್ಪಿಗೆಯಿಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಗುರುತು ಇಟ್ಟರೆ ಪಾಲು ಹಂಚಿಕೊಂಡಂತಾಗುತ್ತದೆ, ಒಟ್ಟಾದಂತಾಗುವುದಿಲ್ಲ. ಸೂರ್ಯಚಂದ್ರರಿರುವ ತುಳುನಾಡ ಧ್ವಜವನ್ನು ತುಳು ಸಂಘಟನೆಗಳು ಪ್ರೀತಿಯಿಂದ ಹಾರಿಸುತ್ತಿವೆ. ನಮ್ಮ ಶಿಲಾಶಾಸನಗಳ ನೆತ್ತಿಯ ಮೇಲೆ ಕೊರೆದ ಸೂರ್ಯಚಂದ್ರರೂ ಕಣ್ಣಮುಂದಿದ್ದಾರೆ. ಆ ಧ್ವಜ ಅದರ ಜಾಗದಲ್ಲಿ ಇರಲಿ. ಅದು ಒಂದು ನಾಡಿನ, ಒಂದು ಭಾಷೆಯ ಧ್ವಜ. ನಗರಕ್ಕೆ ಬೇಕಾದದ್ದು ಬೇರೆ.

ಹಾಗಾದರೆ ಏನಿಡಬೇಕು? ನನ್ನ ಉತ್ತರ ಜೋಡಿ ಮೀನು.

ಬೆಳ್ಮಣ್ಣಿನ ತಾಮ್ರಪಟಗಳನ್ನು ನೆನಪಿಸಿಕೊಳ್ಳಿ. ಎಂಟನೆಯ ಶತಮಾನದ ಆದಿಭಾಗದ ಆಳುಪ ಅರಸ ಇಮ್ಮಡಿ ಆಳುವರಸನವು ಅವು. ಪೂರ್ತಿ ಕನ್ನಡದಲ್ಲಿರುವ ತಾಮ್ರಶಾಸನಗಳಲ್ಲಿ ತೀರ ಹಳೆಯವೆಂದು ಎಣಿಸಿದವು. ಅವುಗಳ ಮೊಹರಿನಲ್ಲಿ ಜೋಡಿ ಮೀನಿದೆ. ಆಳುಪರ ನಾಣ್ಯಗಳ ಒಂದು ಮುಖದಲ್ಲಿ ಜೋಡಿ ಮೀನು, ಇನ್ನೊಂದು ಮುಖದಲ್ಲಿ ಪಾಂಡ್ಯ ಧನಂಜಯ ಎಂಬ ಬಿರುದು. ಮದುರೆಯ ಪಾಂಡ್ಯರ ಲಾಂಛನವೂ ಮೀನೇ. ಅದರಿಂದ ನಮ್ಮ ಮೀನಿನ ಬೆಲೆ ಕುಂದುವುದಿಲ್ಲ. ಮಂಗಳಾಪುರ ಆಳುಪರ ರಾಜಧಾನಿಯಾಗಿತ್ತು, ಈ ಸೀಮೆಯಲ್ಲಿ ಅವರಷ್ಟು ದೀರ್ಘಕಾಲ ಆಳಿದ ಮನೆತನ ಇನ್ನೊಂದಿಲ್ಲ. ಕದ್ರಿಯಲ್ಲಿ 968ರಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಮಾಡಿಸಿ ನಿಲ್ಲಿಸಿದ ಕುಂದವರ್ಮನೂ ಆಳುಪನೇ.

ರಾಜಮನೆತನದ ಗುರುತನ್ನು ಪ್ರಜಾಪ್ರಭುತ್ವದ ನಗರಕ್ಕೆ ಏಕೆ ತರಬೇಕೆಂದು ನೀವು ಕೇಳಬಹುದು. ಆಳುಪರ ವಂಶದ ಹೆಸರಿನಲ್ಲಿ ಇವತ್ತು ಯಾರೂ ಮೆರೆಯುವುದಿಲ್ಲ, ಯಾರೂ ನೊಂದುಕೊಳ್ಳುವುದಿಲ್ಲ. ಅರಸರು ಹೋದರು, ಮೀನು ಉಳಿಯಿತು. ಅದು ಈಗ ಮೊಗವೀರರ ಬಲೆಯಲ್ಲಿದೆ. ಬೆಳಗಿನ ಜಾವ ಬಂದರಿನ ದಕ್ಕೆಗೆ ಹೋಗಿ ನೋಡಿ: ಬೋಟಿನಿಂದ ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಇಳಿಯುತ್ತಿರುತ್ತದೆ. ಹಿಡಿದವರು, ಹೊತ್ತವರು, ಮಂಜುಗಡ್ಡೆ ತುಂಬಿದವರು, ಹರಾಜು ಕೂಗಿದವರು, ತಲೆಯ ಮೇಲೆ ಹೊತ್ತು ಮನೆ ಮನೆಗೆ ಮಾರಿದ ಹೆಂಗಸರು ಎಲ್ಲ ಜಾತಿ ಮತದವರು. ಈ ನಗರದ ಎಷ್ಟು ಮನೆಗಳ ಒಲೆ ಆ ದಕ್ಕೆಯಿಂದ ಉರಿಯುತ್ತದೆ!

ಮೀನು ತಿನ್ನದ ಮನೆಗಳೂ ಇಲ್ಲಿ ಬಹಳ ಇವೆ, ಅವರ ಮಾತನ್ನು ತಳ್ಳಿಹಾಕಬಾರದು. ಅವರು ಒಂದು ವಿಷಯ ಗಮನಿಸಲಿ. ಅವರ ಪುರಾಣದಲ್ಲಿ ಮೊದಲ ಅವತಾರವೇ ಮತ್ಸ್ಯ. ಜೈನರಲ್ಲಿ ತೀರ್ಥಂಕರರ ತಾಯಿ ಕಂಡ ಹದಿನಾರು ಕನಸುಗಳಲ್ಲಿ ಜೋಡಿ ಮೀನು ಒಂದು. ಬೌದ್ಧರ ಅಷ್ಟಮಂಗಲದಲ್ಲಿ ಜೋಡಿ ಮೀನು ಇದೆ. ಕದ್ರಿಯ ಜೋಗಿಮಠದ ನಾಥಪಂಥದ ಆದಿಗುರು ಮತ್ಸ್ಯೇಂದ್ರನಾಥ. ಶಿವನು ಪಾರ್ವತಿಗೆ ಹೇಳಿದ ಉಪದೇಶವನ್ನು ಮೀನಿನ ಹೊಟ್ಟೆಯೊಳಗಿಂದ ಕೇಳಿಸಿಕೊಂಡವನೆಂದು ಕಥೆ. ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕದಿಂದ ಕಾಲ್ನಡಿಗೆಯಲ್ಲಿ ಜೋಗಿಗಳ ಝುಂಡಿ ಕದ್ರಿಗೆ ಬಂದು ಹೊಸ ಮಠಾಧಿಪತಿಗೆ ಪಟ್ಟ ಕಟ್ಟುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕ್ರೈಸ್ತರಿಗೆ, ರೋಮಿನ ಹಿಂಸೆಯ ದಿನಗಳಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿಯಲು ಗೋಡೆಯ ಮೇಲೆ ಗೀಚಿದ ಮೀನು ಗೊತ್ತು. ಬ್ಯಾರಿಗಳ ಪೂರ್ವಿಕರು ಕಡಲ ವ್ಯಾಪಾರದವರು. 14ನೇ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿಗೆ ಬಂದಾಗ ಪಾರಸಿ ದೇಶ, ಯೆಮೆನ್‌ಗಳ ವರ್ತಕರು ಇಳಿಯುವ ರೇವು ಇದೆಂದು ಬರೆದ. ಅದಕ್ಕೂ ಇನ್ನೂರು ವರ್ಷ ಹಿಂದೆ ಟುನೀಸಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಈ ಊರಿನಲ್ಲಿ ಹದಿನೇಳು ವರ್ಷ ಬದುಕಿದ. ಅವನ ಕಾಗದಗಳು ಕೈರೊದ ಯಹೂದಿ ಮಂದಿರವೊಂದರಲ್ಲಿ ಸಿಕ್ಕಿದವು. ಇವರಿಗೆಲ್ಲ ಸೇರಿದ, ಇವರಲ್ಲಿ ಒಬ್ಬರಿಗೇ ಸೇರದ ಗುರುತು ಮೀನನ್ನು ಬಿಟ್ಟು ಇನ್ನೊಂದು ನನಗೆ ಕಂಡಿಲ್ಲ.

ಜೋಡಿ ಏಕೆ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಫಲ್ಗುಣಿ ಬಂದು ಬೆಂಗರೆಯ ಬಳಿ ಅಳಿವೆಬಾಗಿಲಿನಲ್ಲಿ ಒಟ್ಟಿಗೆ ಕಡಲು ಸೇರುತ್ತವೆ. ಎದುರುಬದುರಾದ ಎರಡು ಮೀನುಗಳಲ್ಲಿ ಆ ಎರಡು ನದಿಗಳನ್ನು ಮಕ್ಕಳಿಗೆ ತೋರಿಸಬಹುದು.

ಬಣ್ಣದ ಮಾತು. ಮೇಲಿನ ಅರ್ಧಕ್ಕೆ ಹೆಂಚಿನ ಕೆಂಪು, ಕೆಳಗಿನ ಅರ್ಧಕ್ಕೆ ಕಡಲ ನೀಲಿ, ಮೀನುಗಳು ಬಿಳಿ. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ಹೆಸರು ದೇಶವಿದೇಶಗಳ ಮಾಡುಗಳ ಮೇಲೆ ಹೋಗಿ ಕೂತಿತು. ನೇತ್ರಾವತಿ, ಫಲ್ಗುಣಿ ದಡದ ಆವೆಮಣ್ಣು, ನಮ್ಮ ಅಜ್ಜ ಅಜ್ಜಿಯರ ದುಡಿಮೆ, ಸುಟ್ಟ ಗೂಡಿನ ಶಾಖ ಸೇರಿ ಆದ ಕೆಂಪು ಅದು. ಯಾವ ಪಕ್ಷದ ಕೆಂಪೂ ಅಲ್ಲ. ಇವತ್ತು ಆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಚಿಮಣಿಗಳು ಉರುಳುತ್ತಿವೆ. ಬಾವುಟದಲ್ಲಾದರೂ ಆ ಬಣ್ಣ ಉಳಿಯಲಿ.

ವಿನ್ಯಾಸಕಾರರು ಸಾಮಾನ್ಯವಾಗಿ ಕಾಗದದ ಮೇಲೆ, ಈಗ ಕಂಪ್ಯೂಟರ್ ಪರದೆಯ ಮೇಲೆ, ಗಾಳಿಗೆ ಅಗಲವಾಗಿ ಬಿಚ್ಚಿಕೊಂಡ ಬಾವುಟವನ್ನು ಬರೆಯುತ್ತಾರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಾವುಟ ಒದ್ದೆಯಾಗಿ ಕಂಬಕ್ಕೆ ಅಂಟಿಕೊಂಡು ನೇತಾಡುತ್ತದೆ. ಆಗ ನಡುವಿನ ಚಿತ್ರ ಮಡಿಕೆಯೊಳಗೆ ಹೋಗುತ್ತದೆ, ಬಣ್ಣ ಮಾತ್ರ ಕಾಣುತ್ತದೆ. ಆದ್ದರಿಂದ ದೂರದಿಂದಲೇ ಬೇರೆ ಬೇರೆಯಾಗಿ ಕಾಣುವ ಎರಡು ಗಟ್ಟಿ ಬಣ್ಣ ಬೇಕು, ಮೀನುಗಳು ಕಂಬದ ಬದಿಗೆ ಇರಬೇಕು. ಐದನೇ ತರಗತಿಯ ಹುಡುಗಿ ನೋಡದೆ ಬರೆಯಬಲ್ಲಷ್ಟು ಸರಳವಾಗಿರಬೇಕು. ಹಡಗು, ವಿಮಾನ, ಅಡಿಕೆ, ಯಕ್ಷಗಾನದ ಕಿರೀಟ, ಕಂಬಳದ ಕೋಣ ಎಲ್ಲವನ್ನೂ ತುಂಬುವ ಆಸೆ ಸಹಜ. ಅವು ಗೋಡೆಚಿತ್ರಕ್ಕೆ ಚಂದ, ಬಾವುಟಕ್ಕಲ್ಲ.

ಬಟ್ಟೆ ಕೈಮಗ್ಗದ್ದಾಗಲಿ. ರಾಷ್ಟ್ರಧ್ವಜಕ್ಕೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ನೂಲು, ಬಣ್ಣ, ಹೊಲಿಗೆ ಎಲ್ಲಕ್ಕೂ ಅಳತೆಗೋಲಿದೆ. ಬಟ್ಟೆಯ ಕಸುಬು ಮಂಗಳೂರಿಗೂ ಹೊಸದಲ್ಲ. 1850ರ ದಶಕದಲ್ಲಿ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಶಾಲೆಯಲ್ಲಿ ಜಾನ್ ಹಾಲರ್ ಖಾಕಿ ಬಣ್ಣದ ಬಟ್ಟೆ ಮಾಡಿದ್ದನ್ನು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಉಡುಪಿ ಸೀರೆಯ ಮಗ್ಗ ಮತ್ತೆ ಸದ್ದು ಮಾಡುತ್ತಿದೆ. ಆ ನೇಕಾರರ ಕೈಗೆ ಈ ಕೆಲಸ ಹೋದರೆ ಊರಿಗೂ ಗೌರವ, ಮಗ್ಗಕ್ಕೂ ಬದುಕು. ಇದನ್ನು ಹೇಳುವಾಗ ಈ ಊರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ನೆನೆಯದಿರಲಾರೆ. 1930ರ ಜನವರಿ 26ರಂದು ತ್ರಿವರ್ಣಧ್ವಜವನ್ನು ಕಸಿಯಲು ಬಂದವರ ನಡುವೆ ಅದನ್ನು ಅಪ್ಪಿ ಹಿಡಿದು ಕಾಪಾಡಿದವರು ಅವರು. ಸ್ವಾತಂತ್ರ್ಯ ಬಂದ ಮೇಲೆ ದೇಶದ ನೇಕಾರರಿಗಾಗಿ, ಕುಶಲಕರ್ಮಿಗಳಿಗಾಗಿ ಆಯುಷ್ಯ ಸವೆಸಿದವರೂ ಅವರೇ. ಬಾವುಟವನ್ನೂ ಅದರ ನೂಲನ್ನೂ ಒಂದೇ ಪ್ರೀತಿಯಿಂದ ಹಿಡಿದ ಅಂಥ ಮಗಳು ಈ ಊರಿಗಿದ್ದಳು.

ಕಾನೂನಿನ ಪ್ರಶ್ನೆ ಬೇಗ ಮುಗಿಸುತ್ತೇನೆ. ಎಸ್.ಆರ್. ಬೊಮ್ಮಾಯಿ ಮೊಕದ್ದಮೆಯ 1994ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ, ರಾಜ್ಯವೊಂದು ತನ್ನ ಧ್ವಜ ಹೊಂದುವುದಕ್ಕೆ ಸಂವಿಧಾನದಲ್ಲಿ ನಿಷೇಧವಿಲ್ಲ ಎಂಬ ಮಾತು ಬಂದಿದೆ. ರಾಷ್ಟ್ರಧ್ವಜಕ್ಕೆ ಅಗೌರವವಾಗದಂತೆ ನೋಡಿಕೊಳ್ಳಬೇಕು ಅಷ್ಟೆ. 2002ರ ಧ್ವಜಸಂಹಿತೆಯ ಪ್ರಕಾರ ಬೇರಾವ ಧ್ವಜವೂ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ ಅದರ ಸರಿಸಮಕ್ಕಾಗಲಿ ಇರಬಾರದು. ನಗರದ ಬಾವುಟಕ್ಕೆ ಬೇರೆ ಕಂಬ, ಬೇರೆ ಜಾಗ ಇಟ್ಟರಾಯಿತು. 1976ರ ಪೌರನಿಗಮಗಳ ಅಧಿನಿಯಮ ಪಾಲಿಕೆಗೆ ಸ್ವಂತ ಮೊಹರನ್ನು ಕೊಟ್ಟಿದೆ. ಮೊಹರು ಕಡತದ ಮೇಲಿರುವ ಊರಿನ ಸಹಿ. ಬಾವುಟ ಬೀದಿಯಲ್ಲಿರುವ ಸಹಿ.

ಚರಂಡಿ ಸರಿಯಿಲ್ಲದ ಊರಿಗೆ ಬಾವುಟ ಯಾತಕ್ಕೆ ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮೊದಲ ಜೋರು ಮಳೆಗೇ ಪಂಪ್‌ವೆಲ್, ಕೊಟ್ಟಾರ ಚೌಕಿ ಮುಳುಗುವಾಗ ಈ ಪ್ರಶ್ನೆ ಕೇಳುವವರ ಸಿಟ್ಟು ನ್ಯಾಯವಾದದ್ದು. ನಾನು ಹೇಳುವುದಿಷ್ಟು: ಈ ಊರಿನಲ್ಲಿ ಪುರಸಭೆ 1866ರಲ್ಲಿ ಹುಟ್ಟಿತು, 1980ರಲ್ಲಿ ಮಹಾನಗರಪಾಲಿಕೆಯಾಯಿತು. ಆದರೂ ಅದು ನಮ್ಮದು ಎಂಬ ಭಾವನೆ ಬೇರೂರಿಲ್ಲ. ತೆರಿಗೆ ಕಟ್ಟುವ ಕೌಂಟರ್ ಎಂದಷ್ಟೇ ಅದನ್ನು ನೋಡುತ್ತೇವೆ. ಕಸದ ಲಾರಿಯ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಪೌರಕಾರ್ಮಿಕರ ಸಮವಸ್ತ್ರದ ತೋಳಿನ ಮೇಲೆ ನಾವೇ ಆರಿಸಿದ ಜೋಡಿ ಮೀನು ಇದ್ದರೆ, ಆ ಕೆಲಸ ಕೆಟ್ಟಾಗ ಕೇಳುವ ಹಕ್ಕು ನಮಗೆ ಇನ್ನೂ ಗಟ್ಟಿಯಾಗಿ ಅನಿಸುತ್ತದೆ. ಬಾವುಟ ಮೊದಲು ಹೋಗಬೇಕಾದದ್ದು ಮೇಯರ್ ಕಾರಿಗಲ್ಲ, ಪೌರಕಾರ್ಮಿಕರ ತೋಳಿಗೆ. 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರ ಹೆಸರನ್ನು ಪುರಭವನಕ್ಕೆ ಇಟ್ಟುಕೊಂಡ ನಗರ ಇಷ್ಟಾದರೂ ಮಾಡಬೇಕು.

ಇನ್ನು ಆರಿಸುವ ಬಗೆ. ನಾನು ಹೇಳಿದ ಮೀನು, ಕೆಂಪು, ನೀಲಿ ಒಂದು ಸಲಹೆ. ಇದಕ್ಕಿಂತ ಒಳ್ಳೆಯದು ಬೆಂಗರೆಯ ಹುಡುಗನೊಬ್ಬನ ಪಟ್ಟಿಯಲ್ಲಿ ಇರಬಹುದು. ಪಾಲಿಕೆಯ ಅರುವತ್ತು ವಾರ್ಡುಗಳಲ್ಲೂ ವಿನ್ಯಾಸಗಳನ್ನು ಕರೆಯಬೇಕು. ಶಾಲೆಗಳಿಗೆ, ದಕ್ಕೆಗೆ, ಬಸ್ ನಿಲ್ದಾಣಕ್ಕೆ, ಮಾರುಕಟ್ಟೆಗೆ ಈ ಕರೆ ಮುಟ್ಟಬೇಕು. ಕಲಾಶಾಲೆಯ ಪದವೀಧರರಿಗೆ ಮಾತ್ರ ಅಲ್ಲ. ಬಂದವುಗಳಲ್ಲಿ ಕೆಲವನ್ನು ಬಟ್ಟೆಯಲ್ಲೇ ಹೊಲಿಸಿ ಒಂದು ಮಳೆಗಾಲ ಪೂರ್ತಿ ಬಾವುಟಗುಡ್ಡೆಯಲ್ಲಿ ಹಾರಿಸಿ ನೋಡಬೇಕು. ಆಮೇಲೆ ಜನರ ಮತ. ಕೊನೆಗೆ ಚುನಾಯಿತ ಪರಿಷತ್ತಿನ ನಿರ್ಣಯ. ಅಧಿಕಾರಿಯೊಬ್ಬರ ಸಹಿಯಲ್ಲಿ ಇದು ಮುಗಿಯಬಾರದು. ನ್ಯೂಜಿಲೆಂಡ್ 2015, 2016ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವಿನ್ಯಾಸ ತರಿಸಿಕೊಂಡು, ಎರಡು ಜನಮತಗಣನೆ ನಡೆಸಿ, ಹಳೆಯ ಬಾವುಟವನ್ನೇ ಉಳಿಸಿಕೊಂಡಿತು. ಜನ ಬೇಡವೆಂದರೆ ಅದನ್ನು ಒಪ್ಪುವ ಸಿದ್ಧತೆ ನಮಗೂ ಇರಬೇಕು. ಆಯ್ಕೆಯಾದ ಬಾವುಟಕ್ಕೆ ಹಕ್ಕುಸ್ವಾಮ್ಯ ಇರಬಾರದು. ಬೋಟಿನವರು, ರಿಕ್ಷಾದವರು, ಬೇಕರಿಯವರು, ದುಬೈಯಲ್ಲಿ ದುಡಿಯುವ ನಮ್ಮ ಮಕ್ಕಳು ಯಾರ ಅಪ್ಪಣೆಯೂ ಇಲ್ಲದೆ ಅದನ್ನು ಬಳಸುವಂತಿರಬೇಕು.

ಒಂದೇ ಷರತ್ತು: ಯಾರ ಮೇಲೂ ಅದನ್ನು ಹೇರಬಾರದು, ಯಾರ ವಿರುದ್ಧವೂ ಅದನ್ನು ಹಿಡಿಯಬಾರದು.

ಈ ಉಪನ್ಯಾಸ ಅಚ್ಚಾಗಿ ನಿಮ್ಮ ಕೈಸೇರಿದಾಗ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಮಕ್ಕಳಿಗೆ ಒಂದು ಹಾಳೆ, ಎರಡು ಬಣ್ಣದ ಕಡ್ಡಿ ಕೊಟ್ಟು ನಮ್ಮೂರಿನ ಬಾವುಟ ಬರೆಯಲು ಹೇಳಿ. ಅವರು ಬರೆದದ್ದರ ಜತೆಗೆ, ಮಂಗಳೂರಿಗೆ ಸ್ವಂತ ಬಾವುಟ ಬೇಕೆಂದು ನಿಮ್ಮ ಕೈಬರಹದಲ್ಲಿ ಒಂದು ಕಾಗದ ಬರೆದು ಲಾಲ್‌ಬಾಗಿನ ಪಾಲಿಕೆ ಕಚೇರಿಗೆ ತಲುಪಿಸಿ, ಮುಂದಿನ ಬಾರಿ ಮತ ಕೇಳಲು ಬರುವ ಎಲ್ಲ ಪಕ್ಷದವರ ಮುಂದೆಯೂ ಅದೇ ಬೇಡಿಕೆ ಇಡಿ.